ಗ್ರೂಪಿನವ್ರಿಗೆ ಒಂದ್ ಮಾತು, ಯುದ್ಧದ ವಿಡಿಯೋ ಬಗ್ಗೆ

ಎಲ್ರಿಗೂ ನಮಸ್ಕಾರ ಕಣ್ರಪ್ಪ. ನಿನ್ನೆಯಿಂದ ಗ್ರೂಪಲ್ಲಿ ಯಾವ್ದ್ಯಾವ್ದೋ ಯುದ್ಧದ ವಿಡಿಯೋ ಬರ್ತಿವೆ, ಒಂದಂತೂ ಮೊಬೈಲ್ ಗೇಮಿಂದು, ಮೂಲೇಲಿ ಸ್ಕೋರ್ ಕಾಣ್ತಿದೆ ನೋಡಿ, ದಯವಿಟ್ಟು ಡಿಲೀಟ್ ಮಾಡಿ. ಸೈನ್ಯದ ಮೇಲೆ ನಂಬ್ಕೆ ಇರೋರು ಸುಳ್ಳು ಹಂಚ್ಬೇಕಾಗಿಲ್ಲ.

1965ರ ಯುದ್ಧದ ಟೈಮಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವ್ರು ವಾರಕ್ಕೊಂದೊತ್ತು ಊಟ ಬಿಡಿ ಅಂದಾಗ ಮಂಡ್ಯದ ನಮ್ಮನೇಲಿ ಅಜ್ಜಿ ಸೋಮವಾರ ಸಾಯಂಕಾಲ ಒಲೆ ಹಚ್ತಿರ್ಲಿಲ್ವಂತೆ, ಮುದ್ದೆ ಕೋಲು ಗೋಡೆಗೆ ಒರಗಿಸಿಟ್ಟು ಎಲ್ರೂ ಮಜ್ಜಿಗೆ ಕುಡ್ದು ಮಲಗೋರಂತೆ, ಯಾಕಂದ್ರೆ ಆ ಪುಣ್ಯಾತ್ಮ ಮೊದ್ಲು ತಮ್ಮನೇಲಿ ಮಾಡಿ ಆಮೇಲೆ ಜನಕ್ಕೆ ಹೇಳಿದ್ರು. ನಾಯಕರ ಮೇಲೆ ನಂಬ್ಕೆ ಹಂಗೆ ಬರೋದು. ಅವ್ರನ್ನ ಪ್ರಶ್ನೆ ಕೇಳ್ದೋರಿಗೆ ಸೈನ್ಯದ ವಿರೋಧಿ ಅಂತ ಬೈಬೇಡಿ, ಎರಡೂ ಬೇರೆ ಬೇರೆ.

ಇನ್ನೊಂದು, ರಜೆ ಮುಗ್ಸಿ ಸೈನ್ಯಕ್ಕೆ ವಾಪಸ್ ಹೊರಟ ನಮ್ಮೂರ ಹುಡುಗರ ಟ್ರೈನ್ ಟಿಕೆಟ್, ಯೂನಿಟ್ ಹೆಸ್ರು ಇಲ್ಲಿ ಹಾಕ್ಲೇಬೇಡಿ.