ಸುಟ್ಟ ಇಸಿಎಂ ಬೋರ್ಡುಗಳ ವಿಚಾರವಾಗಿ ನಮ್ಮ ಗ್ರಾಹಕರಿಗೆ

ಗುಬ್ಬಿ ಗೇಟ್, ತುಮಕೂರು

ಗ್ರಾಹಕರಿಗೂ ಗ್ಯಾರೇಜಿನ ಮೇಸ್ತ್ರಿಗಳಿಗೂ ನಮಸ್ಕಾರ.

ಬರುವ ಜೂನ್ 1ರಿಂದ, ಬೆಂಕಿ ಬಿದ್ದ ವಾಹನಗಳಿಂದ ಬಿಚ್ಚಿ ತಂದ ಇಸಿಎಂ (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಬೋರ್ಡುಗಳನ್ನು ನಾವು ಇಡಿಯಾಗಿ ಮಾರುವುದಿಲ್ಲ. ಶಾಖಕ್ಕೆ ಕೆಟ್ಟ ನಿಮ್ಮ ಬೋರ್ಡನ್ನು ರಿಪೇರಿ ಮಾಡಿ ಅದೇ ದಿನ ಸಂಜೆ ಕೈಗೆ ಕೊಡುವ ರೂಢಿಯನ್ನೂ ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಮೂರು ದಿನ ಬೇಕು. ಬೆಳಿಗ್ಗೆ ಬೋರ್ಡ್ ಕೊಟ್ಟು, ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು, ಪೇಟೆ ಕೆಲಸ ಮುಗಿಸಿಕೊಂಡು ಸಂಜೆಗೆ ಬಂದು ಒಯ್ಯುತ್ತಿದ್ದವರಿಗೆ ಇದರಿಂದ ಬೇಸರವಾಗುತ್ತದೆ ಎಂದು ಗೊತ್ತು. ಆದರೂ ಕಾರಣ ಕೇಳಿ.

ಕಳೆದ ಬೇಸಿಗೆಯಲ್ಲಿ ತುರುವೇಕೆರೆ ಕಡೆಯವರೊಬ್ಬರು ತಮ್ಮ ಪಿಕಪ್ ಗಾಡಿಗೆ ನಮ್ಮಲ್ಲಿ ಒಂದು ಬೋರ್ಡ್ ಕೊಂಡರು. ಗುಜರಿಯಿಂದ ಬಂದ ಮಾಲು ಅದು. ಮೂಲ ಗಾಡಿಯ ಬಾನೆಟ್ ಒಳಗೆ ಬೆಂಕಿ ಹತ್ತಿ ಆರಿತ್ತು; ಅಲ್ಯೂಮಿನಿಯಂ ಪೆಟ್ಟಿಗೆಯ ಒಂದು ಮೂಲೆ ಮಾತ್ರ ಕಪ್ಪಾಗಿತ್ತು. ಒಳಗಿನ ಬೆಸುಗೆಗಳೆಲ್ಲ ಹೊಸದರಂತೆ ಹೊಳೆಯುತ್ತಿದ್ದವು. ಮೇಜಿನ ಮೇಲಿಟ್ಟು ಕರೆಂಟ್ ಕೊಟ್ಟೆವು, ಸ್ಕ್ಯಾನರ್ ಹಾಕಿದೆವು, ದೋಷ ತೋರಿಸುವ ಒಂದು ಕೋಡೂ ಬರಲಿಲ್ಲ. ಧೈರ್ಯವಾಗಿ ಕೊಟ್ಟು ಕಳಿಸಿದೆವು. ಹತ್ತೊಂಬತ್ತನೆಯ ದಿನ, ಮಟಮಟ ಮಧ್ಯಾಹ್ನ, ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಹೊರಟ ಗಾಡಿ ರಸ್ತೆಯಲ್ಲೇ ನಿಂತಿತು. ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಯಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಅವರು ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಹರಾಜು ಮುಗಿದಿತ್ತು.

ವಾಪಸು ಬಂದ ಬೋರ್ಡನ್ನು ಮೇಜಿನ ಮೇಲಿಟ್ಟು ಹಾಟ್ ಏರ್‌ನಿಂದ ಮೆಲ್ಲಗೆ ಬಿಸಿ ಮಾಡಿದಾಗ ಸುಮಾರು 70 ಡಿಗ್ರಿಯಲ್ಲಿ ಅದು ಕಣ್ಣು ಮುಚ್ಚಿತು. ಪ್ರೊಸೆಸರ್ ಮೇಲೆ ಪೆನ್ಸಿಲಿನ ರಬ್ಬರ್ ತುದಿಯನ್ನು ಒತ್ತಿ ಹಿಡಿದರೆ ಜೀವ ಬರುತ್ತದೆ, ಎತ್ತಿದರೆ ಹೋಗುತ್ತದೆ. ಚಿಪ್‌ನ ಅಡಿಯಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ಬೆಸುಗೆಯ ಗುಂಡು ಬಿರುಕು ಬಿಟ್ಟಿತ್ತು. ಆ ಗ್ರಾಹಕರಿಗೆ ಬೋರ್ಡಿನ ಹಣವನ್ನೂ ಅಂದಿನ ಬಾಡಿಗೆ ನಷ್ಟವನ್ನೂ ಕೊಟ್ಟೆವು. ತಪ್ಪು ನಮ್ಮದೇ.

ನಾವು ಮೋಸ ಹೋದದ್ದು ಬೆಸುಗೆಯ ಹೊಳಪು ನೋಡಿ. ಸೀಸವಿರುವ ಹಳೆಯ ಬೆಸುಗೆ 183 ಡಿಗ್ರಿಗೆ ಕರಗುತ್ತದೆ, ಈಗಿನ ಸೀಸವಿಲ್ಲದ್ದು ಸುಮಾರು 217 ಡಿಗ್ರಿಗೆ. ಬೆಸುಗೆ ಕರಗಿಲ್ಲವೆಂದರೆ ಅಷ್ಟು ಶಾಖ ತಗುಲಿಲ್ಲ ಎಂದಷ್ಟೇ ಅರ್ಥ. ಬೋರ್ಡಿನ ಹಸಿರು ಹಲಗೆ, ಅಂದರೆ ಗಾಜಿನ ನೂಲು ಮತ್ತು ಅಂಟು ಸೇರಿಸಿ ಮಾಡಿದ ಪದರಗಳು, ಅದಕ್ಕಿಂತ ಬಹಳ ಮೊದಲೇ, ಸಾಧಾರಣ ದರ್ಜೆಯದಾದರೆ 130-140 ಡಿಗ್ರಿಯಲ್ಲೇ, ಬಿಗಿ ಕಳೆದುಕೊಂಡು ದಪ್ಪಕ್ಕೆ ಉಬ್ಬತೊಡಗುತ್ತದೆ. ಹಾಗೆ ಉಬ್ಬುವಾಗ ಪದರದಿಂದ ಪದರಕ್ಕೆ ಹೋಗುವ ತೂತುಗಳಲ್ಲಿನ ತಾಮ್ರದ ಗೋಡೆಯನ್ನು ಎಳೆಯುತ್ತದೆ. ತಣಿದ ಮೇಲೆ ನೋಡಿದರೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ. ಕೆಪಾಸಿಟರುಗಳ ಕಥೆಯೂ ಹೀಗೆಯೇ: ಶಾಖ 10 ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ನಮ್ಮ ಕಸುಬಿನವರೆಲ್ಲ ಬಲ್ಲ ಲೆಕ್ಕ.

ಹಾಗೆಂದು ಸುಟ್ಟ ಇಸಿಎಂ ಅನ್ನು ಗುಜರಿಗೆ ಎಸೆಯಬೇಡಿ, ದಯವಿಟ್ಟು. ಅನೇಕ ಮಾದರಿಗಳಲ್ಲಿ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇರುತ್ತದೆ. ನಿಮ್ಮ ಕೀಲಿಯ ಗುರುತು, ಅಂದರೆ ಬೇರೆ ಕೀಲಿಗೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ಮಾಹಿತಿ, ಇರುವುದು ಅದರಲ್ಲೇ. ಉಳಿದದ್ದೆಲ್ಲ ಹಾಳಾದರೂ ಅದು ಬದುಕಿರುವುದುಂಟು. ಅದರೊಳಗಿನದನ್ನು ಬೇರೆ ಒಳ್ಳೆಯ ಬೋರ್ಡಿಗೆ ಇಳಿಸಿದರೆ ನಿಮ್ಮ ಹಳೆಯ ಕೀಲಿಯೇ ನಡೆಯುತ್ತದೆ. ಆ ಒಳ್ಳೆಯ ಬೋರ್ಡ್, ಇನ್ನು ಮೇಲೆ, ಬೆಂಕಿ ಕಾಣದ ಗಾಡಿಯದ್ದೇ ಆಗಿರುತ್ತದೆ. ಸುಟ್ಟದ್ದರಿಂದ ನಾವು ಬಳಸುವುದು ಈ ಮಾಹಿತಿ, ಪೆಟ್ಟಿಗೆ, ಕರಗದೆ ಉಳಿದಿದ್ದರೆ ಸಾಕೆಟ್, ಇಷ್ಟೇ.

ಕೀಲಿಯ ಗುರುತು ನಕಲು ಮಾಡಬೇಕಾದಾಗ ಇನ್ನು ಆರ್‌ಸಿ ಮತ್ತು ಮಾಲೀಕರ ಗುರುತಿನ ಚೀಟಿ ತೋರಿಸಬೇಕು. ಹತ್ತು ವರ್ಷದ ಪರಿಚಯದವರನ್ನೂ ಕೇಳುತ್ತೇವೆ, ಮುನಿಸಿಕೊಳ್ಳಬೇಡಿ. ಕದ್ದ ಗಾಡಿಗೂ ಇದೇ ಕೆಲಸ ಬೇಕಾಗುತ್ತದೆ.

ಮೂರು ದಿನ ಏನು ಮಾಡುತ್ತೀರಿ ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ. ಮುಚ್ಚಿಹೋದ ಬೇಕರಿಯೊಂದರಿಂದ ಸಣ್ಣ ಓವನ್ ತಂದಿದ್ದೇವೆ (ರಸ್ಕಿನ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ). ರಿಪೇರಿಯಾದ ಬೋರ್ಡಿಗೆ ಇಂಜೆಕ್ಟರ್ (ಎಂಜಿನ್‌ಗೆ ಇಂಧನ ಚಿಮ್ಮಿಸುವುದು), ಕಾಯಿಲ್ (ಕಿಡಿ ಹೊತ್ತಿಸುವುದು) ಇವುಗಳ ಲೋಡ್ ಕೊಟ್ಟು, ಅದರೊಳಗಿಟ್ಟು 80 ಡಿಗ್ರಿಯವರೆಗೆ ಕಾಯಿಸಿ, ತಣಿಸಿ, ಮತ್ತೆ ಕಾಯಿಸುತ್ತೇವೆ. ಸಿರಾ, ಪಾವಗಡ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬಾನೆಟ್ ಒಳಗೆ ಆಗುವುದೇ ಇಲ್ಲೂ ಆಗಲಿ, ಕೆಡುವುದಿದ್ದರೆ ನಮ್ಮ ಮೇಜಿನ ಮೇಲೇ ಕೆಡಲಿ ಎಂದು. ಈ ಪರೀಕ್ಷೆಗೆ 600 ರೂಪಾಯಿ. ಬೋರ್ಡ್ ಉಳಿಯದಿದ್ದರೂ ಈ ಹಣ ಹಿಂತಿರುಗುವುದಿಲ್ಲ. ಪಾಸಾದ ಬೋರ್ಡಿಗೆ ಮೂರು ತಿಂಗಳಿದ್ದ ವಾರಂಟಿ ಆರು ತಿಂಗಳಾಗುತ್ತದೆ.

ಒಳಗಿನಿಂದಲೇ ಸುಟ್ಟದ್ದು, ಅಂದರೆ ಕಾಯಿಲ್ ಶಾರ್ಟ್ ಆಗಿ ಅದನ್ನು ನಡೆಸುವ ಬೋರ್ಡಿನ ಬಿಡಿಭಾಗ (ಡ್ರೈವರ್) ಮಾತ್ರ ಹೋದದ್ದು, ಸುಲಭದ ಕೆಲಸ. ಆದರೆ ಬೋರ್ಡಿನ ಜೊತೆ ಆ ಕಾಯಿಲನ್ನೂ ತನ್ನಿ. ಕೆಟ್ಟ ಕಾಯಿಲನ್ನೇ ಮತ್ತೆ ಜೋಡಿಸಿದರೆ ಹೊಸ ಡ್ರೈವರೂ ಅದೇ ದಾರಿ ಹಿಡಿಯುತ್ತದೆ. ಅದಕ್ಕೆ ವಾರಂಟಿ ಇಲ್ಲ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳ ಪೆಟ್ಟಿಗೆಯ ಮುಚ್ಚಳ ಅಂಟಿನಿಂದ ಕೂತಿದ್ದರೆ, ಬಿಚ್ಚುವ ಮೊದಲು ನಿಮ್ಮ ಒಪ್ಪಿಗೆ ಬರೆಸಿಕೊಳ್ಳುತ್ತೇವೆ, ಏಕೆಂದರೆ ಬಿಚ್ಚುವಾಗಲೇ ಬೋರ್ಡ್ ಬಾಗುವ ಅಪಾಯವಿದೆ. ಬೆಂಕಿ ಕಂಡ ಏರ್‌ಬ್ಯಾಗ್ ಮತ್ತು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ) ಬೋರ್ಡುಗಳನ್ನು ಯಾವ ಬೆಲೆಗೂ ಮುಟ್ಟುವುದಿಲ್ಲ.

ಈ ಮೊದಲು ನಮ್ಮಲ್ಲಿ ಗುಜರಿ ಬೋರ್ಡ್ ಕೊಂಡವರು ಆಗಸ್ಟ್ ಕೊನೆಯೊಳಗೆ ಅದನ್ನು ಬಿಲ್ಲಿನ ಜೊತೆ ತನ್ನಿ. ಓವನ್ ಪರೀಕ್ಷೆ ಉಚಿತವಾಗಿ ಮಾಡುತ್ತೇವೆ. ಕೆಟ್ಟರೆ ಬದಲಿ ಬೋರ್ಡ್ ಅಥವಾ ಹಣ, ನೀವು ಕೇಳಿದ್ದು. ಬಿಲ್ ಕಳೆದುಹೋಗಿದ್ದರೂ ಪರವಾಗಿಲ್ಲ, ನಮ್ಮ ಪುಸ್ತಕದಲ್ಲಿ ಗಾಡಿ ನಂಬರ್ ಬರೆದಿದೆ. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಲು ಮರೆಯಬೇಡಿ.

ಇಂತಿ,
ಅಂಗಡಿಯ ಎಲ್ಲರೂ