ಸೂಜಿ ಹಿಡಿದ ಕೈಯನ್ನು ತಡೆದವರಿಗೆ

ಮಧ್ಯಕಿವಿಯ ಜನ್ಮಜಾತ ರಕ್ತನಾಳ ದೋಷಗಳನ್ನು ಗುರುತಿಸಲು ಕಲಿಸುವ ನಮ್ಮ ತರಬೇತಿ ಕೈಪಿಡಿ ಕೊನೆಗೂ ಮುಗಿಯಿತು. ಅದಕ್ಕೆ ನೆರವಾದವರಿಗೆ ಈ ನಾಲ್ಕು ಮಾತು.

ಮೊದಲ ನಮಸ್ಕಾರ ಕೇಳುವ ಶಕ್ತಿಯನ್ನು ಪರೀಕ್ಷಿಸುವ ಆಡಿಯಾಲಜಿಸ್ಟರಿಗೆ. "ಕಿವಿಯಲ್ಲಿ ಸದ್ದು" ಎಂದಷ್ಟೇ ಬರೆದು ಬಿಡದೆ, ಅದು ನಾಡಿಯ ಲಯಕ್ಕೇ ಬರುತ್ತದೆಯೇ, ಕತ್ತಿನ ಅದೇ ಬದಿಯನ್ನು ಹಗುರವಾಗಿ ಒತ್ತಿದರೆ ನಿಲ್ಲುತ್ತದೆಯೇ ಎಂದು ಕೇಳಿ ಬರೆದವರು ನೀವು. ಹಗುರ ಒತ್ತಡಕ್ಕೆ ನಿಂತರೆ ಅನುಮಾನ ಅಭಿಧಮನಿಯ ಮೇಲೆ.

ಸಿಟಿ ಟೆಕ್ನಿಷಿಯನ್ನರಿಗೆ ವಿಶೇಷ ಕೃತಜ್ಞತೆ. ತಲೆಯ ಮಾಮೂಲಿ ಸ್ಕ್ಯಾನಿನ 5 ಮಿ.ಮೀ. ಪದರಗಳಲ್ಲಿ ಇಂಥ ನಾಳ ಕಣ್ಣಿಗೇ ಬೀಳದೆ ಹೋಗಬಹುದು. 0.5–0.6 ಮಿ.ಮೀ. ಪದರ, ಮೂಳೆಯ ವಿಂಡೋ (ಮೂಳೆ ಸ್ಪಷ್ಟವಾಗಿ ಕಾಣುವ ಹೊಂದಿಕೆ), ಎರಡೂ ಕಿವಿಗಳ ಬೇರೆ ಬೇರೆ ಚಿತ್ರ, ಜೊತೆಗೆ ಕರೋನಲ್ (ಮುಂದಿನಿಂದ ನೋಡಿದಂತಿರುವ) ನೋಟ: ಇಷ್ಟನ್ನು ಕೇಳುವ ಮೊದಲೇ ಕೊಟ್ಟಿರಿ.

ರೇಡಿಯಾಲಜಿಸ್ಟರ ಋಣ ಎಲ್ಲಕ್ಕಿಂತ ದೊಡ್ಡದು. ಕಿವಿಪರದೆಯ ಹಿಂದೆ ಮಿಡಿಯುವ ಕೆಂಪು ಉಬ್ಬು ಕಂಡೊಡನೆ ಗ್ಲೋಮಸ್ ಗೆಡ್ಡೆ, ಅಂದರೆ ರಕ್ತನಾಳ ತುಂಬಿದ ಗೆಡ್ಡೆ, ಎಂದುಬಿಡುವುದು ಸುಲಭ. ಮಿದುಳಿಗೆ ರಕ್ತ ಒಯ್ಯುವ ಒಳ ಕ್ಯಾರೋಟಿಡ್ ಅಪಧಮನಿ ದಾರಿ ತಪ್ಪಿ ಮಧ್ಯಕಿವಿಗೆ ಬಂದಿದ್ದರೆ ಅದೂ ಹಾಗೆಯೇ ಕಾಣುತ್ತದೆ. ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಿಸುವ ಔಷಧ) ಕೊಟ್ಟರೆ ಎರಡೂ ಬೆಳಗುತ್ತವೆ. ಹಾಗಾಗಿ ಹೊಳಪನ್ನಲ್ಲ, ಆಕಾರವನ್ನು ನೋಡಬೇಕು. ಗೆಡ್ಡೆ ಕಾಕ್ಲಿಯಾದ (ಒಳಕಿವಿಯ ಶಂಖದಂಥ ಭಾಗದ) ಉಬ್ಬಿಗೆ ಅಂಟಿದ ಗಂಟು, ನಾಳವೋ ಕೊಳವೆ. ಚಿತ್ರಗಳನ್ನು ಮೇಲೆ ಕೆಳಗೆ ಓಡಿಸಿದರೆ ಅದು ಮುಂದೆ ಕ್ಯಾರೋಟಿಡ್‌ನ ಅಡ್ಡ ಭಾಗಕ್ಕೆ ಸೇರುವುದು ಕಾಣುತ್ತದೆ, ನೆಟ್ಟಗಿನ ಕ್ಯಾರೋಟಿಡ್ ಕಾಲುವೆ ತನ್ನ ಜಾಗದಲ್ಲಿ ಇರುವುದಿಲ್ಲ. ಭ್ರೂಣದಲ್ಲಿ ಕತ್ತಿನ ಭಾಗದ ನಾಳ ಸರಿಯಾಗಿ ರೂಪುಗೊಳ್ಳದಿದ್ದಾಗ ರಕ್ತ ಕೆಳ ಟಿಂಪ್ಯಾನಿಕ್ ಅಪಧಮನಿಯ ಸಣ್ಣ ಕಿಂಡಿಯಿಂದ ಬಳಸುದಾರಿ ಹಿಡಿಯುತ್ತದೆ. ಹಿಗ್ಗಿದ ಆ ಕಿಂಡಿಯೇ ನಮಗೆ ಸಾಕ್ಷಿ.

ಮಿದುಳ ಪೊರೆಯ ಅಪಧಮನಿ ಹಾದುಹೋಗುವ ತಲೆಬುರುಡೆ ತಳದ ರಂಧ್ರ, ಫೊರಾಮೆನ್ ಸ್ಪೈನೋಸಮ್, ಕಾಣದಿದ್ದರೆ ಭ್ರೂಣದಲ್ಲೇ ಮಾಯವಾಗಬೇಕಿದ್ದು ಉಳಿದುಕೊಂಡ ಸ್ಟೇಪಿಡಿಯಲ್ ಅಪಧಮನಿಯನ್ನು ಹುಡುಕಿ ಎಂದು ಕಲಿಸಿದವರೂ ನೀವೇ. ಅದು ಮಧ್ಯಕಿವಿಯ ಪುಟ್ಟ ಸ್ಟೇಪಿಸ್ ಮೂಳೆಯ ಎರಡು ಕಾಲುಗಳ ನಡುವೆ ನುಸುಳಿ, ಮುಖನರದ ಕಾಲುವೆಯನ್ನು ಅಗಲಿಸುತ್ತದೆ. ಆ ರಂಧ್ರವಿಲ್ಲದಿರುವುದೊಂದೇ ಪುರಾವೆಯಲ್ಲ: ಮಿದುಳ ಪೊರೆಯ ಅಪಧಮನಿ ಕಣ್ಣಿನ ಅಪಧಮನಿಯಿಂದ ಹುಟ್ಟಿದ್ದರೂ ಹಾಗಾಗಬಹುದು. ನೀಲಿ ಉಬ್ಬು ಪರದೆಯ ಹಿಂದಿನ ಕೆಳಭಾಗದಲ್ಲಿದ್ದರೆ ಎತ್ತರದ ಜುಗುಲರ್ ಬಲ್ಬ್ (ಕತ್ತಿನ ದೊಡ್ಡ ಅಭಿಧಮನಿಯ ಮೇಲ್ತುದಿಯ ಉಬ್ಬು) ನೆನಪಾಗಲಿ. ಅದರ ಮೇಲಿನ ಮೂಳೆಹಾಳೆ ಇದೆಯೋ ಇಲ್ಲವೋ ಎಂಬುದನ್ನು ಕರೋನಲ್ ನೋಟದಲ್ಲೂ ನೋಡಿ.

"ಸ್ಕ್ಯಾನ್ ಆಗದೆ ಸೂಜಿ ಇಲ್ಲ" ಎಂದು ಹಟ ಹಿಡಿದ ಆಪರೇಷನ್ ಥಿಯೇಟರಿನ ಸಿಸ್ಟರ್‌ಗಳೇ, ಆ ಹಟಕ್ಕೆ ಶರಣು. ಉಬ್ಬು ದಾರಿ ತಪ್ಪಿದ ಕ್ಯಾರೋಟಿಡ್ ಆಗಿದ್ದರೆ, ಬಯಾಪ್ಸಿ (ಪರೀಕ್ಷೆಗೆ ತುಣುಕು ತೆಗೆಯುವುದು) ಎಂದರೆ ಕ್ಯಾರೋಟಿಡ್‌ಗೇ ತೂತು: ಭಾರಿ ರಕ್ತಸ್ರಾವ, ಪಾರ್ಶ್ವವಾಯು. ಹಾಗೇನಾದರೂ ಆದರೆ ಕಿವಿಯನ್ನು ಬಿಗಿಯಾಗಿ ಪ್ಯಾಕ್ ಮಾಡಿ, ತಕ್ಷಣ ಆಂಜಿಯೋಗ್ರಫಿ (ರಕ್ತನಾಳಗಳ ಚಿತ್ರ ತೆಗೆಯುವ) ತಂಡವನ್ನು ಕರೆಯಬೇಕು. ದಾರಿ ತಪ್ಪಿದ ಕ್ಯಾರೋಟಿಡ್ ಇರುವ ಹೆಚ್ಚಿನವರಿಗೆ ಅದನ್ನು ಮುಟ್ಟದೆ ಬಿಡುವುದೇ ಚಿಕಿತ್ಸೆ.

ಚಿತ್ರಗಳನ್ನು ಬಳಸಲು ಒಪ್ಪಿದ ರೋಗಿಗಳಿಗೆ ವಂದನೆ. ಸಿಟಿಯ ಒಂದು ಪ್ರತಿ ಸದಾ ನಿಮ್ಮ ಬಳಿ ಇರಲಿ. ಕಿವಿಗೆ ಯಾರೇ ಉಪಕರಣ ಹಾಕುವ ಮುನ್ನ ಅವರಿಗೆ ತೋರಿಸಿ.