ಕನ್ನಡ ಬಿ.ಎ. ಮುಚ್ಚುವ ಸುದ್ದಿ: ಫಾರ್ವರ್ಡ್ ಮಾಡುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಕಾಲೇಜುಗಳಲ್ಲಿ ಕನ್ನಡ ಬಿ.ಎ. ನಿಲ್ಲಿಸುತ್ತಾರಂತೆ ಎಂಬ ಮೆಸೇಜನ್ನು ಸುಮ್ನೆ ಹಂಚಬೇಡಿ, ಸೇರಬೇಕೆಂದಿದ್ದ ಮಕ್ಕಳೂ ಹಿಂದೆ ಸರಿಯುತ್ತಾರೆ. ಕೋರ್ಸ್ ರಾತ್ರೋರಾತ್ರಿ ಮುಚ್ಚುವುದಿಲ್ಲ. ಮೊದಲು ಸೀಟು ಖಾಲಿ ಬೀಳುತ್ತದೆ, ಆಮೇಲೆ ಪಾಠದ ಗಂಟೆ ಕಡಿಮೆಯಾಗುತ್ತದೆ, ಗಂಟೆ ಇಲ್ಲದಿದ್ದರೆ ಅಧ್ಯಾಪಕರ ಹುದ್ದೆಗೇ ಕುತ್ತು, ನಿವೃತ್ತರಾದವರ ಜಾಗಕ್ಕೆ ಅತಿಥಿ ಉಪನ್ಯಾಸಕರು ಬರುತ್ತಾರೆ. ನನಗೆ ಜಾಸ್ತಿ ಭಯ ಇರುವುದು ಈ ಹಂತದ್ದೇ, ಯಾಕೆಂದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಗದದ ಕೆಲಸ ಕೊನೆಗೆ. ನಮ್ಮ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾಲಯದವು, ಅಲ್ಲಿ ಪಾಠದ ವಿಷಯ ನೋಡುವ ಅಕಾಡೆಮಿಕ್ ಕೌನ್ಸಿಲ್, ಆಡಳಿತ ನೋಡುವ ಸಿಂಡಿಕೇಟ್ ಇವೆ. ಸರಕಾರಿ ಹುದ್ದೆಯ ತೀರ್ಮಾನ ತಿರುವನಂತಪುರದಲ್ಲಿ. ಕೋರ್ಸ್ ನಿಂತರೂ ಸಾಮಾನ್ಯವಾಗಿ ಹೊಸ ಪ್ರವೇಶ ಮಾತ್ರ ನಿಲ್ಲುತ್ತದೆ, ಈಗ ಓದುತ್ತಿರುವವರಿಗೆ ಪಾಠ, ಪರೀಕ್ಷೆ ಮುಗಿಯುವ ತನಕ ನಡೆಯುತ್ತದೆ, ಅವರು ಗಾಬರಿಯಾಗಬೇಡಿ.

2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ, ಆದರೆ ಮೂರು ವರ್ಷಕ್ಕೂ ಪದವಿ ಪಡೆದು ಹೊರಬರಬಹುದು. ಪ್ಲಸ್ ಟು ಮುಗಿಸಿದ ಮಕ್ಕಳಿರುವ ಮನೆಯವರಿಗೆ ಇದನ್ನು ಹೇಳಿ. ನಮ್ಮ ಕನ್ನಡ ಶಾಲೆಗಳಿಗೆ ನಾಳೆ ಟೀಚರ್ ಬೇಕಲ್ವಾ? ಮನವಿ ಕೊಡುವ ಮೊದಲು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ ಖಾಲಿ ಸೀಟಿನ ಲೆಕ್ಕ ತೆಗೆಯೋಣ. ಅರ್ಜಿ ಬರೆಯಲು ಬರುವವರು ಇಲ್ಲೇ ತಿಳಿಸಿ.